ಹೊದಿಕೆಯ ಕೆಳಗೆ ಹಿಡಿದ ಕೈ

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಮನೆಯಲ್ಲಿ ಏನೋ ಓಡಾಡಿದ ಹಾಗಾಯಿತು, ಯಾರೋ ಕರೆದ ಹಾಗಾಯಿತು ಎಂದು ಯಾರಾದರೂ ಅಂದರೆ, ಮೊದಲು ನೀರಿನ ಪೈಪ್ ನೋಡಿಸಿ, ಆಮೇಲೆ ನಿಮ್ಮ ಬಿ.ಪಿ. ನೋಡಿಸಿ ಎಂದು ಹೇಳುವವಳು. ಸತ್ತವರ, ಮನೆ ಬಿಡುವವರ ಸಾಮಾನು ಖಾಲಿ ಮಾಡಿಸಿ ಮಾರುವುದೇ ನನ್ನ ಕಸುಬು. ಲಾಸ್ ಏಂಜಲೀಸ್ ಸುತ್ತಮುತ್ತ ಎಷ್ಟೋ ಜನ ಕೊನೆಯುಸಿರು ಬಿಟ್ಟ ಮಂಚಗಳನ್ನು ನಿಂತು ಬಿಚ್ಚಿಸಿದ್ದೇನೆ. ಒಂದು ಮಂಚವೂ ಒಂದು ದಿನವೂ ನನಗೆ ಏನನ್ನೂ ಹೇಳಿರಲಿಲ್ಲ. ಆದ್ದರಿಂದ ಈಗ ಹೇಳಹೊರಟದ್ದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಆದರೆ ಅದರ ಹಿಂದೆ ಮುಂದೆ ನಾನು ನಡೆದುಕೊಂಡ ರೀತಿ ಇದೆಯಲ್ಲ, ಅದನ್ನು ಮಾತ್ರ ನಂಬಿ. ಅದರಲ್ಲಿ ಸಂಶಯಪಡುವಂಥದ್ದೇನೂ ಇಲ್ಲ.

ನನ್ನ ಊರು ರಾಣೆಬೆನ್ನೂರು ಕಡೆ. ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಆ ವ್ಯಾಪಾರ ನೋಡಿದವರಿಗೆ ಗೊತ್ತು, ಅಲ್ಲಿ ಬಾಯಲ್ಲಿ ಬೆಲೆ ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಎಷ್ಟು ಬೆರಳು ಹಿಡಿದರು, ಹೇಗೆ ಹಿಡಿದರು ಎಂಬುದರ ಮೇಲೆ ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ವ್ಯಾಪಾರ ಕುದುರಿದರೆ ಬೆರಳು ಬಿಟ್ಟು ಪೂರ್ತಿ ಅಂಗೈ ಹಿಡಿದು, ಹೆಬ್ಬೆರಳಿನಿಂದ ಎರಡು ಸಲ ಒತ್ತುವುದು ನಮ್ಮಪ್ಪನ ರೂಢಿ. ಅದಾದ ಮೇಲೆ ಏನೇ ಆದರೂ ಮಾತು ತಿರುಗುವಂತಿಲ್ಲ. ಸಂತೆಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ನನಗೆ ಅದನ್ನು ಆಟವಾಗಿ ಕಲಿಸಿದ.

ಮದುವೆಯಾಗಿ ಟೊರೆನ್ಸ್‌ಗೆ ಬಂದೆ. ಗಂಡ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಕೆಲಸ ಮಾಡಲು ಕಾಗದಪತ್ರ ಕೈಗೆ ಬಂದ ಮೇಲೆ, ಶನಿವಾರದ ಗರಾಜ್ ಸೇಲ್‌ಗಳಲ್ಲಿ ಕುರ್ಚಿ ಮೇಜು ಕೊಂಡು, ಉಜ್ಜಿ, ಪಾಲಿಶ್ ಮಾಡಿ ಮಾರತೊಡಗಿದೆ. ಈಗ ಒಂದು ವ್ಯಾನ್ ಇದೆ, ಬಾಡಿಗೆಯ ಗೋದಾಮು ಇದೆ. ನಮ್ಮ ಕನ್ನಡದವರು ಹಾಸಿಗೆ ಕೊಳ್ಳುವ ಮೊದಲು, ಕಾರ್ ಲೀಸ್ ಮಾಡುವ ಮೊದಲು ನನಗೆ ಫೋನ್ ಮಾಡುತ್ತಾರೆ. ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಹಳೆಯ ಸಾಮಾನಿನ ಮುಂಭಾಗ ನೋಡಬೇಡಿ, ಹಿಂಭಾಗ ನೋಡಿ. ಡ್ರಾಯರ್ ಪೂರ್ತಿ ಹೊರಗೆಳೆದು ತಿರುಗಿಸಿ. ಮಾರುವವರು ಮಾತಾಡಲಿ, ನೀವು ಸುಮ್ಮನಿರಿ. ಸುಮ್ಮನಿರುವುದು ಅರ್ಧ ವ್ಯಾಪಾರ. ಇವೆಲ್ಲ ಈಗಲೂ ಒಳ್ಳೆಯ ಮಾತುಗಳೇ, ಪಾಲಿಸಿ.

2021ರ ಆರಂಭದಲ್ಲಿ ಪಸಡೀನಾದಿಂದ ಸೂಸನ್ ಎಂಬಾಕೆ ಫೋನ್ ಮಾಡಿದಳು. ತಂದೆ ಲೆನರ್ಡ್‌ಗೆ ತೊಂಬತ್ತರ ಹತ್ತಿರ. ಅವರನ್ನು ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ, ತನ್ನ ಮನೆಗೆ ಹತ್ತಿರವಿರುವ ವೃದ್ಧಾಶ್ರಮಕ್ಕೆ ಸೇರಿಸುತ್ತಿದ್ದಾಳೆ, ಮನೆ ಖಾಲಿ ಮಾಡಬೇಕು. ಲೆನರ್ಡ್ ಅಜ್ಜ ಇಂಗ್ಲೆಂಡಿನವರು. ಹರೆಯದಲ್ಲಿ ಇಲ್ಲಿಗೆ ಬಂದು, ಪಸಡೀನಾದಲ್ಲೇ ಬಾಹ್ಯಾಕಾಶ ಯಂತ್ರಗಳ ಕೆಲಸ ಮಾಡಿ ರಿಟೈರ್ ಆದವರು. ಆದರೆ ಆ ಮನೆಯೊಳಗೆ ಕಾಲಿಟ್ಟರೆ ಬಾಹ್ಯಾಕಾಶದ ಒಂದು ಚಿತ್ರವೂ ಇರಲಿಲ್ಲ. ಗೋಡೆ ತುಂಬ ಒಂದು ಹಳ್ಳಿಯ ಚರ್ಚು. ಅದರ ಗೋಪುರ, ಕಿಟಕಿ, ಬಾಗಿಲ ಚಿಲಕ, ನೆಲದ ಕಲ್ಲು. ಅವರು ಹುಟ್ಟಿದ ಪ್ಯಾರಿಷ್ ಅದು. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಊರು, ಅದರ ಸುತ್ತಲ ಹೊಲಮನೆಗಳು. ನಮ್ಮಲ್ಲಿ ಒಂದು ಗುಡಿಗೆ ನಡೆದುಕೊಳ್ಳುವ ಹಳ್ಳಿಗಳಿರುವುದಿಲ್ಲವೇ, ಹಾಗೆ. ಐವತ್ತು ವರ್ಷದಿಂದ ಅಜ್ಜ ಅದರ ಚರಿತ್ರೆ ಬರೆಯುತ್ತಿದ್ದರು. ಊರಿನ ಒಂದೊಂದು ಹಳೆಯ ಮನೆಗೂ ಒಂದೊಂದು ಕಾರ್ಡು. ಯಾರು ಕಟ್ಟಿಸಿದರು, ಕಲ್ಲು ಯಾವ ಗಣಿಯದು, ಯಾವ ಕಿಟಕಿಯನ್ನು ಯಾವಾಗ ಮುಚ್ಚಿದರು, ಎಲ್ಲ ಅದರಲ್ಲಿತ್ತು. ಗೋಪುರಕ್ಕೆ ಒಮ್ಮೆ ಸಿಡಿಲು ಬಡಿದಿತ್ತೆಂದು ಊರವರೆಲ್ಲ ಹೇಳುತ್ತಾರಂತೆ. ಆದರೆ ಅಜ್ಜ ಅದನ್ನು ಬರೆದಿರಲಿಲ್ಲ.

“ಯಾಕೆ?” ಅಂದೆ.

“ಆಧಾರದ ಕಾಗದ ಸಿಕ್ಕಿಲ್ಲ. ಸಿಗಲಿ, ಬರೆಯೋಣ,” ಅಂದರು. ಆ ವಯಸ್ಸಿನಲ್ಲಿ!

ನನ್ನ ಕಣ್ಣು ಬಿದ್ದದ್ದು ಮಾತ್ರ ಓದುವ ಕೋಣೆಯಲ್ಲಿ ಗೋಡೆಗೆ ಒರಗಿಸಿದ್ದ ಒಂದು ಓಕ್ ಹಲಗೆಯ ಮೇಲೆ. ನನ್ನ ಎದೆಯೆತ್ತರ, ಕಬ್ಬಿಣದಂತೆ ಕಪ್ಪು. ಚರ್ಚಿನಲ್ಲಿ ಜನ ಕೂರುವ ಉದ್ದ ಬೆಂಚಿನ ತುದಿಗೆ ನಿಲ್ಲಿಸುವ ಕೆತ್ತನೆಯ ಹಲಗೆ. ಕೆಳಗಡೆ ಒಂದು ಕುರಿ, ಮೇಲುಗಡೆ ಒಂದನ್ನೊಂದು ಹಿಡಿದ ಎರಡು ಕೈ. ಹಿಂದೆ ಯಾವನೋ ಪಾದ್ರಿ ಹೊಸ ಬೆಂಚು ಹಾಕಿಸುವ ಹುರುಪಿನಲ್ಲಿ ಹಳೆಯವನ್ನೆಲ್ಲ ಸೌದೆಗೆ ಕೊಟ್ಟನಂತೆ. ಅಜ್ಜನ ಮನೆತನದ ಬಡಗಿಯೊಬ್ಬ ಇದೊಂದನ್ನು ಉಳಿಸಿಕೊಂಡಿದ್ದ.

“ನಮ್ಮ ಚರ್ಚಿನ ಬಾಗಿಲ ಮುಂದಿನ ಪಡಸಾಲೆಯಲ್ಲಿ ಆಗ ಕುರಿ, ಉಣ್ಣೆ ವ್ಯಾಪಾರ ನಡೀತಿತ್ತು,” ಅಂದರು ಅಜ್ಜ. “ಅಲ್ಲಿ ಕೈ ಕೊಟ್ಟರೆ ದೇವರ ಎದುರು ಕೊಟ್ಟ ಹಾಗೆ.”

ನಾನು ಅಪ್ಪನ ಟವೆಲ್ ಕತೆ ಹೇಳಿದೆ. ಅಜ್ಜನಿಗೆ ಎಷ್ಟು ಖುಷಿಯಾಯಿತೆಂದರೆ ತಕ್ಷಣ ಒಂದು ಕಾರ್ಡು ತೆಗೆದು ಬರೆದುಕೊಂಡರು.

ಸೂಸನ್ ನಕ್ಕಳು. “ನಮ್ಮಪ್ಪನಿಗೆ ನನಗಿಂತ ಆ ಕುರಿ ಮೇಲೇ ಪ್ರೀತಿ ಜಾಸ್ತಿ.”

“ಕುರಿ ಎದುರುತ್ತರ ಕೊಡೋದಿಲ್ಲ,” ಅಂದರು ಅಜ್ಜ.

ಅವರದು ಒಂದೇ ಕೋರಿಕೆ. ಆ ಹಲಗೆ ತಾವು ಬದುಕಿರುವಾಗಲೇ ಆ ಚರ್ಚಿಗೆ ವಾಪಸ್ ಹೋಗಬೇಕು. ಉತ್ತರದ ಗೋಡೆಯ ಕಡೆ ಮೂರನೇ ಸಾಲಿನ ತುದಿ ಇದರ ಜಾಗ. ಅಲ್ಲಿನ ಚರಿತ್ರೆಯ ಬಳಗದವರು ಕಾಯುತ್ತಿದ್ದರು. ಯಾರು ಅದನ್ನು ಜೋಪಾನವಾಗಿ ಕಳಿಸುತ್ತಾರೋ ಅವರಿಗೇ ಮನೆಯ ಉಳಿದ ಸಾಮಾನೆಲ್ಲ. ನನಗಿಂತ ಮೊದಲು ಬಂದ ಇಬ್ಬರು ಡೀಲರ್‌ಗಳು ಬೆಲೆ ನನಗಿಂತ ಹೆಚ್ಚೇ ಹೇಳಿದ್ದರು. ಆದರೆ ಹಲಗೆಯ ಮಾತು ಬಂದಾಗ, ಹಡಗಿನ ತಾಪತ್ರಯ ನಮಗೆ ಬೇಡ ಎಂದು ಹೊರಟುಹೋಗಿದ್ದರು. ಅವರು ಮರ್ಯಾದಸ್ಥರು. ನಾನು, “ಅದೇನು ಮಹಾ, ನಾನೇ ಪ್ಯಾಕ್ ಮಾಡಿ ಕಳಿಸ್ತೀನಿ,” ಅಂದೆ. ಅಜ್ಜ ಕೈ ಚಾಚಿದರು. ಕೈ ಕೊಟ್ಟೆ. ಆ ಚರಿತ್ರೆಯ ಬಳಗದ ಮಾರ್ಗರೆಟ್ ಎಂಬ ಹಿರಿಯಾಕೆಗೆ ನನ್ನ ಇಮೇಲ್ ವಿಳಾಸವನ್ನೂ ಕಳಿಸಿದರು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕಳಿಸುವ ಮನಸ್ಸೇ ಇತ್ತು. ಆದರೆ ಆಗ ಲಾಂಗ್ ಬೀಚ್ ಬಂದರಿನಲ್ಲಿ ಹಡಗುಗಳು ಸಾಲುಗಟ್ಟಿ ನಿಂತಿದ್ದವು. ವಿಚಾರಿಸಿದ ಕಡೆಯೆಲ್ಲ ಬಾಡಿಗೆ ಏರಿತ್ತು. ಇವತ್ತು ನಾಳೆ ಎಂದು ಹಲಗೆ ಗೋದಾಮಿನಲ್ಲೇ ಉಳಿಯಿತು. ಒಂದು ಶನಿವಾರ ಮುಂಜಾನೆ ಅಜ್ಜನ ಸಾಮಾನು ಮಾರಾಟಕ್ಕಿಟ್ಟಾಗ, ಬಾಗಿಲು ತೆರೆಯುವ ಮೊದಲೇ ಬಂದು ನಿಂತವಳು ಸ್ಯಾನ್ ಡಿಯೇಗೋದ ಒಬ್ಬ ಒಳಾಂಗಣ ವಿನ್ಯಾಸಗಾರ್ತಿ. ಇಂಗ್ಲಿಷ್ ಶೈಲಿಯ ಹೊಸ ಬಾರ್ ಒಂದನ್ನು ಸಜ್ಜು ಮಾಡುತ್ತಿದ್ದಳು. ಮೂಲೆಯಲ್ಲಿದ್ದ ಹಲಗೆಯನ್ನೇ ನೋಡಿ, “ಅದು ಬೇಕು” ಅಂದಳು.

ಅವಳು ಆ ದಿನದ ಬೋಣಿ. ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂದು ಅಪ್ಪ ಹೇಳುತ್ತಿದ್ದ, ಈ ದೇಶದಲ್ಲೂ ನಾನು ಅದನ್ನು ಬಿಟ್ಟಿಲ್ಲ. ಬೇರೆ ಏನನ್ನಾದರೂ ತೋರಿಸಬಹುದಿತ್ತು. ಅವಳು ಬೇಡವೆಂದು ಹೋಗಲಿ ಎಂಬಂಥ ಬೆಲೆ ಹೇಳಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದೂ ಪೂರ್ತಿ ನಿಜವಲ್ಲ. ಅವಳು ಚೌಕಾಸಿಯನ್ನೇ ಮಾಡದೆ ಒಪ್ಪಿ ಮುಂಗಡ ಕೊಟ್ಟುಬಿಟ್ಟಳು. ಆಗ ನನಗಾದ ಸಂಕಟ ಮಾತು ಮುರಿದೆನೆಂದಲ್ಲ. ಇನ್ನೂ ಹೆಚ್ಚು ಕೇಳಬೇಕಿತ್ತಲ್ಲ ಎಂದು. ಇದನ್ನು ಬರೆಯಲು ನನಗೆ ಈಗ ಬಹಳ ಕಷ್ಟವಾಗುತ್ತಿದೆ.

ಮಂಗಳವಾರ ಅದನ್ನು ತಲುಪಿಸಲು ಒಬ್ಬಳೇ ಹೊರಟೆ. ಹಲಗೆಯನ್ನು ವ್ಯಾನಿನಲ್ಲಿ ಅಂಗಾತ ಮಲಗಿಸಿ, ಸಾಮಾನು ಸುತ್ತುವ ದಪ್ಪ ಹೊದಿಕೆ ಹೊದಿಸಿ, ಬೆಲ್ಟ್ ಬಿಗಿದಿದ್ದೆ. ದಾರಿಯಲ್ಲಿ ಹಿಂದೆ ಏನೋ ಕಟಕಟ ಅನ್ನತೊಡಗಿತು. ಓಷನ್‌ಸೈಡ್ ಇನ್ನೂ ಮುಂದಿರುವಾಗ ಹೆದ್ದಾರಿ ಪಕ್ಕದ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ಮಟಮಟ ಮಧ್ಯಾಹ್ನ. ಒಂದು ಮೋಡವಿಲ್ಲ. ಪಕ್ಕದಲ್ಲಿ ಒಬ್ಬ ಟ್ರಕ್ ಡ್ರೈವರ್ ಟೈರಿಗೆ ಒರಗಿ ಕಿತ್ತಳೆ ಸುಲಿಯುತ್ತಿದ್ದ. ಇಷ್ಟು ಬೆಳಕು, ಇಷ್ಟು ಗದ್ದಲ. ಅದಕ್ಕೇ ಹೇಳುತ್ತಿದ್ದೇನೆ, ಕತ್ತಲೆಯ ಭ್ರಮೆ ಎನ್ನುವ ಹಾಗಿಲ್ಲ.

ಹಿಂಬಾಗಿಲು ತೆರೆದೆ. ಬೆಲ್ಟು ಸಡಿಲವಾಗಿತ್ತು. ಬಿಗಿಯುವ ಮೊದಲು ಕೆತ್ತನೆಗೆ ಪೆಟ್ಟು ಬಿದ್ದಿದೆಯೇ ಎಂದು ನೋಡಲು ಹೊದಿಕೆಯ ಕೆಳಗೆ ಬಲಗೈ ತೂರಿಸಿ ತಡವಿದೆ. ಕುರಿಯ ಬೆನ್ನು ಸಿಕ್ಕಿತು, ಅದರ ಉಣ್ಣೆಯ ಗೆರೆಗಳು ಸಿಕ್ಕವು. ಇನ್ನೂ ಮೇಲಕ್ಕೆ ಸರಿಸಿದೆ. ಆಗ ನನ್ನ ಕೈಯನ್ನು ಇನ್ನೊಂದು ಕೈ ಹಿಡಿಯಿತು.

ಮರದ ಕೈಯನ್ನು ಮುಟ್ಟಿದ್ದು ಎಂದು ನೀವು ಹೇಳಬಹುದು. ನಾನೂ ಹೇಳಿಕೊಂಡಿದ್ದೇನೆ. ಆದರೆ ಆ ಮರದ ಕೈಗಳನ್ನು ನಾನು ಎಣ್ಣೆ ಹಚ್ಚಿ ಉಜ್ಜಿದವಳು. ಅವು ತಣ್ಣಗಿದ್ದವು, ಚಿಕ್ಕವಾಗಿದ್ದವು. ಇದು ದೊಡ್ಡ ಕೈ, ಒರಟು, ಬೆಚ್ಚಗಿತ್ತು. ಬೆರಳುಗಳನ್ನು ಹಿಡಿಯಲಿಲ್ಲ, ಬೆಲೆ ಕೇಳಲಿಲ್ಲ. ನೇರವಾಗಿ ಪೂರ್ತಿ ಅಂಗೈ ಹಿಡಿಯಿತು. ಹೆಬ್ಬೆರಳು ಎರಡು ಸಲ ಒತ್ತಿತು. ಬಿಟ್ಟಿತು.

ನಾನು ಕಿರುಚಲಿಲ್ಲ. ಕೈ ಎಳೆದುಕೊಂಡು ಹೊದಿಕೆಯನ್ನು ಪೂರ್ತಿ ಕಿತ್ತೆ. ಹಲಗೆ ಬಿಟ್ಟು ಏನೂ ಇರಲಿಲ್ಲ. ಟ್ರಕ್ ಡ್ರೈವರ್ ನನ್ನ ಕಡೆ ನೋಡಿ, ಏನಾದರೂ ಸಹಾಯ ಬೇಕೇ ಅಂದ. ಬೇಡ ಅಂದೆ. ಮುಂದಿನ ಸೀಟಿಗೆ ಬಂದು ಕೂತು ಗಂಡನಿಗೆ ಫೋನ್ ಮಾಡಿದೆ.

“ಹೊದಿಕಿ ಕೆಳಗ ಯಾರೋ ನನ್ನ ಕೈ ಹಿಡಿದ್ರು.”

“ಯಾರು?”

“ಯಾರೂ ಇಲ್ಲ.”

“ಮುಂಜಾನೆಯಿಂದ ಏನು ತಿಂದೀ?”

“ಒಂದು ಬಾಳೆಹಣ್ಣು.”

“ಹಂಗಾರ ಮತ್ತ! ಹೊಟ್ಟಿ ಖಾಲಿ ಇಟ್ಕೊಂಡು ವ್ಯಾನ್ ಹೊಡದ್ರ ಕೈ ಅಷ್ಟ ಅಲ್ಲ, ಕಾಲೂ ಹಿಡೀತಾರ. ಏನರ ತಿನ್ನು.” ಆಮೇಲೆ ದನಿ ಬದಲಾಯಿಸಿ ಕೇಳಿದರು, “ಅಲ್ಲಾ, ಯಾವ ಹಲಗಿ ಅದು? ಆ ಅಜ್ಜಂದಲ್ಲೇನು? ಅದನ್ನ ಅವರೂರಿಗೆ ಕಳಿಸ್ತೀನಿ ಅಂದಿದ್ದೆಲ್ಲಾ?”

“ಇಲ್ಲಿ ಸಿಗ್ನಲ್ ಇಲ್ಲ,” ಎಂದು ಫೋನ್ ಇಟ್ಟೆ. ಸಿಗ್ನಲ್ ಚೆನ್ನಾಗಿತ್ತು.

ಅಲ್ಲಿಂದ ವ್ಯಾನ್ ತಿರುಗಿಸಬಹುದಿತ್ತು. ಮುಂಗಡ ವಾಪಸ್ ಕೊಟ್ಟು ಕ್ಷಮೆ ಕೇಳಿದರೆ ಮುಗಿಯುತ್ತಿತ್ತು. ಆ ಕೈ ನನ್ನನ್ನು ಹೆದರಿಸಿದ್ದರೆ ಬಹುಶಃ ತಿರುಗಿಸುತ್ತಿದ್ದೆ. ಹೆದರಿಸಲಿಲ್ಲ. ಅದು ವ್ಯಾಪಾರ ಮುಗಿದು, ಇನ್ನು ನಿನ್ನ ಮಾತಿನ ಮೇಲೆ ಬಿಟ್ಟೆ ಎನ್ನುವವರು ಹಿಡಿಯುವ ಹಿಡಿತ. ಅದು ನನ್ನನ್ನು ನಂಬಿತ್ತು. ನಂಬಿದವರ ಹತ್ತಿರ ನಾಳೆ ನೋಡೋಣ ಅನ್ನುವುದು ಸುಲಭ. ನಾನು ಬೆಲ್ಟ್ ಬಿಗಿದು, ಸ್ಯಾನ್ ಡಿಯೇಗೋಗೆ ಹೋಗಿ, ಹಲಗೆಯನ್ನು ಆ ಬಾರಿನ ಹಿಂಬಾಗಿಲಲ್ಲಿ ಇಳಿಸಿ, ಚೆಕ್ ತೆಗೆದುಕೊಂಡೆ.

ಅಲ್ಲಿಂದ ಸುಮ್ಮನೆ ಮನೆಗೆ ಬರಲಾಗಲಿಲ್ಲ. ಒಂದು ಡಬ್ಬಿ ಸ್ಟ್ರಾಬೆರಿ ಕೊಂಡು ಮೀರಾ ಮೆಸಾದ ವೃದ್ಧಾಶ್ರಮಕ್ಕೆ ಹೋದೆ. ಆಗ ಕೊರೋನಾ ಕಾಲ, ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯ ಹೊರಗೆ ನಿಂತು ಫೋನಿನಲ್ಲಿ ಮಾತಾಡಬೇಕಿತ್ತು. ಸೂಸನ್ ಕಿಟಕಿಯ ಹೊರಗೆ ನಿಂತು ತಂದೆಯೊಡನೆ ಫೋನಿನಲ್ಲಿದ್ದಳು. ಗಾಜಿನ ಆಚೆ ಅಜ್ಜ ಗಾಲಿಕುರ್ಚಿಯಲ್ಲಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿದ್ದೇ ಕಣ್ಣರಳಿಸಿ, ಸೂಸನ್ ನನ್ನ ಕಡೆ ಹಿಡಿದ ಫೋನಿನಲ್ಲಿ ಕೇಳಿದರು.

“ಹೋಯಿತೇ?”

ನಾನು, “ಹೊರಟಿತು,” ಅಂದೆ.

ನೋಡಿ, ವ್ಯಾಪಾರಸ್ಥರ ಮಾತು ಹೇಗಿರುತ್ತದೆ. ಅಕ್ಷರಶಃ ನಿಜ, ಪೂರ್ತಿ ಮೋಸ. ಅಜ್ಜ ಕಣ್ಣು ಮುಚ್ಚಿ ತಲೆಯಾಡಿಸಿದರು. “ಅದಕ್ಕೇ ಇರಬೇಕು. ಎಷ್ಟೋ ದಿನದ ಮೇಲೆ ಇವತ್ತು ಮಧ್ಯಾಹ್ನ ಒಳ್ಳೆ ನಿದ್ದೆ ಬಂತು,” ಅಂದರು. ಆಮೇಲೆ ಕೈಯೆತ್ತಿ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದರು. ನಾನೂ ಈಚೆಯಿಂದ ಕೈ ಇಡಬೇಕೆಂದು ಅದರ ಅರ್ಥ. ಆ ದಿನಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ನನ್ನ ಕೈಯಲ್ಲಿ ಸ್ಟ್ರಾಬೆರಿ ಡಬ್ಬಿ ಇತ್ತು. ಅದನ್ನು ಕೆಳಗಿಡಬಹುದಿತ್ತು. ಇಡಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕೆ. ಸೂಸನ್ ನನ್ನ ಬದಲು ತನ್ನ ಕೈ ಇಟ್ಟಳು.

ತಿಂಗಳಾಗುವಷ್ಟರಲ್ಲಿ ಅಜ್ಜ ತೀರಿಕೊಂಡರು. ಆಮೇಲೆ ನನಗೆ ಬುದ್ಧಿ ಬಂತು ಅನ್ನಲೋ, ಭಯ ಬಂತು ಅನ್ನಲೋ. ಎಷ್ಟಾದರೂ ಕೊಟ್ಟು ಹಲಗೆಯನ್ನು ವಾಪಸ್ ಕೊಳ್ಳಬೇಕೆಂದು ಆ ಬಾರಿಗೆ ಹೋದೆ. ಆಗಷ್ಟೇ ಬಾಗಿಲು ತೆರೆದಿತ್ತು. ಕೌಂಟರಿನ ಪಕ್ಕಕ್ಕೆ ಹಲಗೆಯನ್ನು ಸ್ಕ್ರೂ ಹಾಕಿ ಜಡಿದಿದ್ದರು. ಕುರಿ ಇತ್ತು. ಕುರಿಯ ಮೇಲೆ ಏನೂ ಇರಲಿಲ್ಲ. ಕೌಂಟರಿಗಿಂತ ಎತ್ತರವಾಯಿತೆಂದು ಗರಗಸದಲ್ಲಿ ಸಮನಾಗಿ ಕೊಯ್ದಿದ್ದರು.

“ಮೇಲಿನ ತುಂಡು?” ಅಂದೆ.

“ಕಾಂಟ್ರಾಕ್ಟರ್ ಎಸೆದಿರಬೇಕು. ಯಾಕೆ, ಅದಕ್ಕೂ ಬೆಲೆ ಇತ್ತಾ?” ಎಂದು ಮ್ಯಾನೇಜರ್ ಹುಡುಗಿ ಕೇಳಿದಳು.

ನಾನು ಇಲ್ಲ ಅಂದೆ.

ಅಷ್ಟರಲ್ಲಿ ಮಾರ್ಗರೆಟ್‌ರಿಂದ ಎರಡು ಇಮೇಲ್ ಬಂದಿದ್ದವು. ಬಡಗಿ ಬಂದು ಮೂರನೇ ಸಾಲಿನ ತುದಿಯನ್ನು ಅಳತೆ ಮಾಡಿ ಹೋಗಿದ್ದಾನೆ, ಆ ಜಾಗ ಗುಡಿಸಿಟ್ಟಿದ್ದೇವೆ, ಅವಸರವೇನಿಲ್ಲ ಎಂದು. ಬಹಳ ದಿನ ಉತ್ತರಿಸಲಿಲ್ಲ. ಕೊನೆಗೆ ಹಡಗಿನಲ್ಲಿ ಕಳೆದುಹೋಯಿತು ಎಂದು ಬರೆದೆ. ಬಂದರಿನ ಸುದ್ದಿ ಎಲ್ಲರಿಗೂ ಗೊತ್ತಿದ್ದ ಕಾಲ, ಯಾರೂ ಸಂಶಯಪಡಲಿಲ್ಲ. ನೀವು ನೊಂದುಕೊಳ್ಳಬೇಡಿ ಎಂದು ಆಕೆ ನನಗೇ ಸಮಾಧಾನ ಹೇಳಿ ಬರೆದರು.

ಕಳೆದ ವರ್ಷ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಅಜ್ಜನ ಕಾರ್ಡುಗಳನ್ನೆಲ್ಲ ಸೇರಿಸಿ ಬಳಗದವರು ಅಚ್ಚು ಹಾಕಿಸಿದ ಪ್ಯಾರಿಷ್ ಚರಿತ್ರೆ. ಗೋಪುರ ಇದೆ, ಮನೆಗಳಿವೆ, ಮುಚ್ಚಿದ ಕಿಟಕಿಗಳಿವೆ. ಸಿಡಿಲಿನ ಮಾತು ಇಲ್ಲ. ಚರ್ಚಿನ ಅಧ್ಯಾಯದ ಕೊನೆಗೆ ಅವರೇ ಸೇರಿಸಿದ ಎರಡು ಸಾಲು ಇವೆ. ಕುರಿಯ ಹಲಗೆ ಮರಳಿ ಬರುವಾಗ ಸಮುದ್ರದಲ್ಲಿ ಕಳೆದುಹೋಯಿತು, ಅದನ್ನು ತಲುಪಿಸಲು ಬಹಳ ಶ್ರಮಪಟ್ಟ ಕ್ಯಾಲಿಫೋರ್ನಿಯಾದ ಭಾರತೀಯ ಮಹಿಳೆಗೆ ಊರು ಋಣಿ ಎಂದು. ಕಾಗದದ ಆಧಾರವಿಲ್ಲದೆ ಒಂದು ಸಾಲೂ ಬರೆಯದ ಮನುಷ್ಯನ ಪುಸ್ತಕ ಅದು. ಈ ಎರಡು ಸಾಲಿಗೆ ಆಧಾರ ನನ್ನ ಇಮೇಲ್. ಪುಸ್ತಕವನ್ನು ಮಗಳು ನೋಡಿ, “ಅಮ್ಮಾ, ದಿಸ್ ಈಸ್ ಯೂ! ಸೋ ಸ್ವೀಟ್!” ಅಂದಳು. ಅವಳ ಕೈಯಿಂದ ಕಿತ್ತುಕೊಂಡು ಕಪಾಟಿನ ಮೇಲಿಟ್ಟೆ. ಪಾಪ, ಅವಳಿಗೆ ತಾನೇನು ತಪ್ಪು ಮಾಡಿದೆನೆಂದು ತಿಳಿಯಲಿಲ್ಲ.

ಆ ಮಧ್ಯಾಹ್ನದ ಬಗ್ಗೆ ಯೋಚಿಸದೆ ಬಿಟ್ಟಿಲ್ಲ. ಡಾಕ್ಟರಿಗೆ ಕೈ ತೋರಿಸಿದೆ. ಮಣಿಕಟ್ಟಿನ ನರ ಒತ್ತಿದಾಗ ಹಾಗೆಲ್ಲ ಆಗುತ್ತದೆ ಅಂದರು. ಹೊಟ್ಟೆ ಹಸಿದಿತ್ತೆಂದು ಗಂಡ ಈಗಲೂ ಹೇಳುತ್ತಾರೆ. ಎರಡು ಸಲ ಒತ್ತುವ ರೂಢಿಯನ್ನು ನಾನು ಅಜ್ಜನಿಗೆ ಹೇಳಿರಲಿಲ್ಲ, ಟವೆಲ್ ಮತ್ತು ಬೆರಳಿನ ಮಾತಷ್ಟೇ ಹೇಳಿದ್ದು. ಅದು ನನಗೆ ಖಚಿತ. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಹಲಗೆ ಕೆತ್ತಿದವನ ಹೆಸರು ಅಜ್ಜನಿಗೂ ಸಿಕ್ಕಿರಲಿಲ್ಲ. ಆ ಕೈ ಯಾರದೆಂದು ಎಷ್ಟು ಕೂಡಿ ಕಳೆದರೂ ನನಗೆ ಗೊತ್ತಾಗಿಲ್ಲ. ಏನೂ ಆಗಿರಲಿಲ್ಲ ಅನ್ನಲು ಕೂಡ ನನ್ನಿಂದಾಗುವುದಿಲ್ಲ.

ಮಾರ್ಗರೆಟ್‌ರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು, ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳುತ್ತಾರೆ. ಮೂರು ಸಲ ಬರೆದು ಅಳಿಸಿದ್ದೇನೆ. ಬದಲಿಗೆ ಇಷ್ಟು ಪುಟ ಕನ್ನಡದಲ್ಲಿ ಬರೆದೆ. ಯಾಕೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆ ಊರಿನಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇಲ್ಲ. ತಪ್ಪೊಪ್ಪಿಗೆಯಲ್ಲೂ ನನಗೆ ಅಗ್ಗದ್ದೇ ಬೇಕಾಯಿತು. ಹೊದಿಕೆಯ ಕೆಳಗೆ ನನ್ನ ಕೈ ಹಿಡಿದವರಿಗೆ ಕನ್ನಡ ಬರುತ್ತದೋ ಇಲ್ಲವೋ, ಅದೊಂದು ಮಾತ್ರ ನನಗೆ ಗೊತ್ತಿಲ್ಲ.